ಅರ್ಧ ಲೀಟರ್ ಹಾಲಿನ ಲೆಕ್ಕ: ಬಿ ಜೀವಸತ್ವಗಳು ಮತ್ತು ನಮ್ಮ ನರಗಳು

(ಬಸವೇಶ್ವರನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೆಂಗಳೂರು ನಗರದ ಈ ಪಶ್ಚಿಮ ಭಾಗದಲ್ಲಿ ವೈದ್ಯವೃತ್ತಿ ಮಾಡುತ್ತಿರುವ ನನ್ನ ಮುಂದೆ ಬಂದು ಕೂರುವವರಲ್ಲಿ ಬಹಳಷ್ಟು ಜನರ ದೂರು ಹೆಚ್ಚುಕಮ್ಮಿ ಒಂದೇ. ಕಾಲು ಜೋಮು ಹಿಡಿಯುತ್ತದೆ, ರಾತ್ರಿ ಪಾದ ಉರಿಯುತ್ತದೆ, ಎರಡು ಮಹಡಿ ಹತ್ತಿದರೆ ಏದುಸಿರು, ಪರಿಚಯದವರ ಹೆಸರು ಬಾಯಿಗೆ ಬರುವುದಿಲ್ಲ. ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ: ‘ವಯಸ್ಸಾಯ್ತಲ್ಲ ಡಾಕ್ಟ್ರೇ’, ಇಲ್ಲವೇ ‘ಹತ್ತು ವರ್ಷದಿಂದ ಶುಗರ್ ಇದೆಯಲ್ಲ, ಅದಕ್ಕೇ ಇರಬೇಕು’. ಹಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಇವರ ನಡುವೆ ವಯಸ್ಸಿನಿಂದಲೂ ಅಲ್ಲ, ಸಕ್ಕರೆ ಕಾಯಿಲೆಯಿಂದಲೂ ಅಲ್ಲ, ಬಿ12 ಎಂಬ ಒಂದು ಜೀವಸತ್ವದ ಕೊರತೆಯಿಂದ ನರಳುವವರಿದ್ದಾರೆ. ಮೂರನ್ನೂ ಸೇರಿಸಿಕೊಂಡು ನರಳುವವರು ಇನ್ನೂ ಹೆಚ್ಚು. ವಯಸ್ಸನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಬಿ12 ಕೊರತೆಯನ್ನು ಮಾತ್ರ ಕಡಿಮೆ ಖರ್ಚಿನಲ್ಲಿ ಪೂರ್ತಿ ಸರಿಪಡಿಸಬಹುದು, ಸಮಯ ಮೀರುವ ಮೊದಲು ಗೊತ್ತಾದರೆ. ಇವತ್ತಿನ ಮಾತಿಗೆ ಈ ವಿಷಯವನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಬಿ ಜೀವಸತ್ವ ಅಂದರೆ ಒಂದಲ್ಲ, ಎಂಟು. ಥಯಾಮಿನ್, ರೈಬೋಫ್ಲೇವಿನ್, ನಯಾಸಿನ್, ಪ್ಯಾಂಟೋಥೆನಿಕ್ ಆಮ್ಲ, ಪಿರಿಡಾಕ್ಸಿನ್, ಬಯೋಟಿನ್, ಫೋಲೇಟ್, ಕೋಬಾಲಮಿನ್. ಇವುಗಳಿಗೆ ಕ್ರಮವಾಗಿ 1, 2, 3, 5, 6, 7, 9, 12 ಎಂಬ ಅಂಕಿಗಳು. ನಡುವೆ ಬಿಟ್ಟುಹೋದ ಅಂಕಿಗಳನ್ನು ಹೊತ್ತಿದ್ದ ವಸ್ತುಗಳು ಜೀವಸತ್ವಗಳಲ್ಲ ಎಂದು ಆಮೇಲೆ ತಿಳಿದು ಅವನ್ನು ಕೈಬಿಟ್ಟರು. ಎಂಟೂ ನೀರಿನಲ್ಲಿ ಕರಗುವಂಥವು.

ಮೆಡಿಕಲ್ ಶಾಪಿಗೆ ಹೋಗಿ ‘ಶಕ್ತಿಗೆ ಒಂದು ಬಿ ಕಾಂಪ್ಲೆಕ್ಸ್ ಕೊಡಿ’ ಎನ್ನುತ್ತೇವೆ. ಈ ಎಂಟರಲ್ಲಿ ಒಂದೂ ಶಕ್ತಿ ಕೊಡುವುದಿಲ್ಲ. ಶಕ್ತಿ ಇರುವುದು ಮುದ್ದೆಯಲ್ಲಿ, ಅನ್ನದಲ್ಲಿ, ಎಣ್ಣೆಯಲ್ಲಿ. ಅದನ್ನು ಜೀವಕೋಶ ಬಿಡಿಸಿಕೊಳ್ಳಬೇಕಾದರೆ ಕಿಣ್ವಗಳು ಬೇಕು, ಅನೇಕ ಕಿಣ್ವಗಳು ಬಿ ಜೀವಸತ್ವವೊಂದು ಜೊತೆಗೂಡದೆ ಅಲ್ಲಾಡುವುದಿಲ್ಲ. ಹಾಲಿಗೆ ಹೆಪ್ಪು ಇದ್ದ ಹಾಗೆ ಇದು. ಒಂದು ಚಮಚ ಸಾಕು, ಆದರೆ ಅದಿಲ್ಲದೆ ಪಾತ್ರೆ ತುಂಬ ಹಾಲಿದ್ದರೂ ಮೊಸರಾಗದು. ಹೆಪ್ಪನ್ನು ಬಟ್ಟಲುಗಟ್ಟಲೆ ಸುರಿದರೆ ಮೊಸರು ಜಾಸ್ತಿಯಾಗುವುದೂ ಇಲ್ಲ. ಬಿ ಕಾಂಪ್ಲೆಕ್ಸ್ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೀರಿ. ದೇಹಕ್ಕೆ ಬೇಡವಾದ ರೈಬೋಫ್ಲೇವಿನ್ ಹೊರಗೆ ಹೋಗುತ್ತಿದೆ ಎಂದಷ್ಟೇ ಅದರ ಅರ್ಥ.

ಮೊದಲ ಕೆಲವನ್ನು ಬೇಗ ದಾಟುತ್ತೇನೆ, ಆದರೆ ನಮ್ಮ ಅಡುಗೆಗೆ ಸಂಬಂಧಪಟ್ಟ ಎರಡು ಕಥೆಗಳನ್ನು ಬಿಡಲಾರೆ.

ಒಂದು, ಥಯಾಮಿನ್ ಕೊರತೆಯಿಂದ ಬರುವ ಬೆರಿಬೆರಿಯ ಕಥೆ. ಥಯಾಮಿನ್ ಇಲ್ಲದಿದ್ದರೆ ಗ್ಲೂಕೋಸ್ ಅರ್ಧ ದಾರಿಯವರೆಗೆ ಒಡೆದು ಅಲ್ಲೇ ನಿಲ್ಲುತ್ತದೆ. ಹೆಚ್ಚು ಶಕ್ತಿ ಬೇಡುವ ಹೃದಯ, ನರ, ಮಿದುಳು ಮೊದಲು ಸೋಲುತ್ತವೆ. ಕಾಲು ಊದುತ್ತದೆ ಅಥವಾ ಸೊರಗುತ್ತದೆ, ನಡೆಯಲಾಗುವುದಿಲ್ಲ. 1920ರ ದಶಕದಲ್ಲಿ ಕೂನೂರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ ಮದ್ರಾಸ್ ಪ್ರಾಂತ್ಯದ ಅಕ್ಕಿ ಮತ್ತು ಬೆರಿಬೆರಿಯ ಸಂಬಂಧವನ್ನು ಹುಡುಕಿದರು. ಆ ಕಾಯಿಲೆ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ, ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿದ ಹಸಿ ಅಕ್ಕಿ ಉಣ್ಣುವವರಲ್ಲಿ ನೆಲೆಸಿತ್ತು. ಕುಚ್ಚಲಕ್ಕಿ ಉಣ್ಣುವ ಕಡೆ ಇರಲಿಲ್ಲ. ಮಂಗಳೂರು, ಉಡುಪಿ, ಕಾಸರಗೋಡಿನ ನಮ್ಮವರು ತಲೆತಲಾಂತರದಿಂದ ಉಣ್ಣುತ್ತಿರುವ ಅದೇ ಕುಚ್ಚಲಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲು ಎಷ್ಟೇ ಹೆರೆದರೂ ಬಹುಪಾಲು ಉಳಿಯುತ್ತದೆ. ಈಗ ನಮ್ಮ ಊರಿನಲ್ಲಿ ಥಯಾಮಿನ್ ಕೊರತೆ ಕಾಣುವುದು ಹೆಚ್ಚಾಗಿ ವಿಪರೀತ ಕುಡಿಯುವವರಲ್ಲಿ. ಕಣ್ಣುಗುಡ್ಡೆ ಸರಿಯಾಗಿ ಹೊರಳದೆ, ನಡಿಗೆ ತಪ್ಪಿ, ಬುದ್ಧಿ ಕಲಸಿದಂತಾದರೆ ಅದನ್ನು ‘ಇನ್ನೂ ನಿಶೆ ಇಳಿದಿಲ್ಲ’ ಎಂದು ಮನೆಯಲ್ಲಿ ಮಲಗಿಸಬಾರದು. ತಕ್ಷಣ ಥಯಾಮಿನ್ ಚುಚ್ಚುಮದ್ದು ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಇದ್ದಬದ್ದ ಥಯಾಮಿನ್ ಕೂಡ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು.

ಇನ್ನೊಂದು ಜೋಳದ ಕಥೆ. ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರದಲ್ಲಿ ಬಿಸಿಲು ಬೀಳುವ ಜಾಗದ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಚಿತ್ತ ಕೆಡುತ್ತದೆ. ಪಾಶ್ಚಾತ್ಯರು ಅದನ್ನು ಮೆಕ್ಕೆಜೋಳ ತಿನ್ನುವವರ ರೋಗ ಎಂದು ತಿಳಿದಿದ್ದರು. ದಖನ್ನಿನಲ್ಲಿ ಬಿಳಿಜೋಳವನ್ನೇ ನೆಚ್ಚಿದ ಬಡವರಲ್ಲೂ ಅದು ಇದೆ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೆ ಅದರಲ್ಲಿ ಪಾತ್ರವಿರಬಹುದು ಎಂದು ಹೈದರಾಬಾದಿನ ಪೌಷ್ಟಿಕತೆ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ತಪ್ಪು ಜೋಳದ್ದಲ್ಲ, ಜೋಳ ಒಂದನ್ನೇ ತಿನ್ನಬೇಕಾದ ಬಡತನದ್ದು. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಕಾಳುಪಲ್ಯ, ಮೊಸರು ಇದ್ದ ತಟ್ಟೆಗೆ ಪೆಲಾಗ್ರ ಬರುವ ಭಯವಿಲ್ಲ. ಶೇಂಗಾದಲ್ಲಿ ನಯಾಸಿನ್ ಧಾರಾಳ.

ಬಿ6 ಬಗ್ಗೆ ಒಂದೇ ಎಚ್ಚರಿಕೆ. ಕ್ಷಯರೋಗಕ್ಕೆ ಐಸೊನಯಾಜಿಡ್ ತೆಗೆದುಕೊಳ್ಳುವವರಿಗೆ ಅದನ್ನು ಜೊತೆಗೆ ಕೊಡುವುದು ಸರಿ. ಆದರೆ ‘ನರಕ್ಕೆ ಒಳ್ಳೆಯದು’ ಎಂದು ಹೆಚ್ಚಿನ ಪ್ರಮಾಣದ ಬಿ6 ಮಾತ್ರೆಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಿದರೆ ಅದೇ ನರಗಳನ್ನು ಕೆಡಿಸುತ್ತದೆ. ಜೋಮಿಗೆಂದು ತಿಂದ ಮಾತ್ರೆಯೇ ಜೋಮು ತರುತ್ತದೆ.

ಫೋಲೇಟ್ ವಿಷಯದಲ್ಲಿ ನಾವು ಅದೃಷ್ಟವಂತರು. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬೈಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯ ಹಿಂದೆ ಬಿದ್ದರು. ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ಆ ಗರ್ಭಿಣಿಯರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಅದನ್ನು ಪ್ರಕಟಿಸಿದರು. ಮಾರ್ಮೈಟ್‌ನೊಳಗಿದ್ದ ಆ ವಸ್ತುವೇ ಫೋಲೇಟ್. 1940ರ ದಶಕದ ನಡುವೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇಲ್ಲೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿರಾವ್ ಅವರು ಬಿ6 ಮತ್ತು ಫೋಲೇಟ್ ಎರಡೂ ಕೈಸೇರಿಸುವ ಕಿಣ್ವವೊಂದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಜೀವಕೋಶ ಎರಡಾಗುವಾಗ ಹೊಸ ಡಿಎನ್‌ಎ ಕಟ್ಟಲು ಫೋಲೇಟ್ ಬೇಕೇ ಬೇಕು. ಅದು ಸೊಪ್ಪಿನಲ್ಲಿ, ಕಾಳಿನಲ್ಲಿ ಇದೆ. ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಆದರೆ ನಮ್ಮ ಹೆಂಗಸರು ಸೊಪ್ಪು-ಕಾಳು ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುತ್ತಾರೆ. ಇದಕ್ಕಿಂತ ಜಾಣ ಅಡುಗೆಯನ್ನು ನಾನು ಕಂಡಿಲ್ಲ.

ಈಗ ಬಿ12ಕ್ಕೆ ಬರೋಣ. ಉಳಿದ ಏಳರ ಪಾಡು ಬೇರೆ, ಇದರ ಪಾಡೇ ಬೇರೆ. ಇದನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯ ಮಾತ್ರ. ಹಸುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯ ಮಾಡಿದ್ದು ಹಾಲಿಗೂ ಮಾಂಸಕ್ಕೂ ಬರುತ್ತದೆ. ಆದ್ದರಿಂದ ನಮಗೆ ಸಿಗುವ ದಾರಿ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ. ಇಡ್ಲಿ ಹಿಟ್ಟು ಹುಳಿ ಬಂದಾಗ ಬಿ12 ಹುಟ್ಟುತ್ತದೆ ಎನ್ನುವವರಿದ್ದಾರೆ. ಹುಳಿ ಬಂದಾಗ ಫೋಲೇಟ್ ಹೆಚ್ಚಬಹುದು, ಬಿ12ಕ್ಕೆ ಇಡ್ಲಿಯನ್ನು ನಂಬುವಂತಿಲ್ಲ. ಸ್ಪಿರುಲಿನಾ ಪುಡಿಯಲ್ಲಿ ಇರುವುದು ಬಹುಪಾಲು ಬಿ12ನ್ನು ಹೋಲುವ, ನಮ್ಮ ದೇಹಕ್ಕೆ ಉಪಯೋಗವಿಲ್ಲದ ವಸ್ತು. ಸೊಪ್ಪು, ಮೊಳಕೆಕಾಳು, ಬೀಟ್‌ರೂಟ್, ಖರ್ಜೂರ ಎಷ್ಟು ತಿಂದರೂ ಒಂದು ಕಣ ಬಿ12 ಇಲ್ಲ. ತುಪ್ಪದಲ್ಲಿಯೂ ಇಲ್ಲ.

‘ನಾವು ಹಾಲು-ಮೊಸರು ಚೆನ್ನಾಗಿ ತಿನ್ನುತ್ತೇವೆ’ ಎಂದು ಎಲ್ಲ ಸಸ್ಯಾಹಾರಿ ಮನೆಯವರೂ ಹೇಳುತ್ತಾರೆ. ದಯವಿಟ್ಟು ನನ್ನ ಜೊತೆ ಒಂದು ಲೆಕ್ಕ ಹಾಕಿ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಬಿ12 ಇರುವುದು ಅರ್ಧ ಮೈಕ್ರೋಗ್ರಾಂಗಿಂತ ಸ್ವಲ್ಪ ಕಡಿಮೆ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಅಂದರೆ ಅರ್ಧ ಲೀಟರಿನ ನೀಲಿ ನಂದಿನಿ ಪ್ಯಾಕೆಟ್ ಇಡಿಯಾಗಿ ಒಬ್ಬರಿಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಆ ಪ್ಯಾಕೆಟ್ಟು ನಾಲ್ಕು ಜನರ ಮನೆಗೆ ಬರುತ್ತದೆ. ಬೆಳಿಗ್ಗೆ ಕಾಯಿಸಿ, ಮಧ್ಯಾಹ್ನ ಕಾಯಿಸಿ, ಸಂಜೆ ಮತ್ತೆ ಕಾಯಿಸುವಾಗ ಒಂದಷ್ಟು ಬಿ12 ಕೆಡುತ್ತದೆ. ಕಾಫಿಗೆ ಒಂದು ಪಾಲು, ಹೆಪ್ಪಿಗೆ ಒಂದು ಪಾಲು. ಗಟ್ಟಿ ಮೊಸರು ಮಗನ ತಟ್ಟೆಗೆ, ತೆಳು ಮಜ್ಜಿಗೆ ಕೊನೆಯಲ್ಲಿ ಕೂತು ಉಣ್ಣುವ ತಾಯಿಗೆ. ಆ ತಾಯಿಯ ಪಾಲಿಗೆ ಬಿ12 ಎಷ್ಟು ಬಂತು ಎಂದು ನೀವೇ ಹೇಳಿ. ಇದು ಅಜ್ಞಾನದ ಕೊರತೆಯಲ್ಲ. ವಿದ್ಯಾವಂತ, ಶುಚಿಯಾದ, ಮನೆ ಅಡುಗೆಯನ್ನೇ ಉಣ್ಣುವ ಕುಟುಂಬಗಳಲ್ಲಿ ಇದನ್ನು ನಿತ್ಯ ನೋಡುತ್ತಿದ್ದೇನೆ. ಮಾಂಸ ತಿನ್ನುವ ಮನೆಗಳೂ ನಿಶ್ಚಿಂತೆಯಿಂದಿರುವ ಹಾಗಿಲ್ಲ. ಸೋಮವಾರ, ಗುರುವಾರ, ಶನಿವಾರ, ಶ್ರಾವಣ, ಕಾರ್ತಿಕ ಎಲ್ಲ ಕಳೆದು ಉಳಿದದ್ದು ತಿಂಗಳಿಗೆ ಎರಡು ಬಾಡೂಟ. ಅದೂ ಈಗ ಹೆಚ್ಚಾಗಿ ಕೋಳಿ, ಕೋಳಿಯಲ್ಲಿ ಬಿ12 ಕುರಿ ಮಾಂಸಕ್ಕಿಂತ, ಮೀನಿಗಿಂತ ಕಡಿಮೆ.

ತಿಂದದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಆಹಾರದಲ್ಲಿ ಪ್ರೋಟೀನಿಗೆ ಅಂಟಿಕೊಂಡ ಬಿ12ನ್ನು ಬಿಡಿಸಲು ಜಠರದ ಆಮ್ಲ ಬೇಕು. ಬಿಡಿಸಿಕೊಂಡದ್ದನ್ನು ಹಿಡಿದು ಸಾಗಿಸಲು ಜಠರದ ಗೋಡೆಯೇ ಸ್ರವಿಸುವ ಒಂದು ವಾಹಕ ಪ್ರೋಟೀನ್ ಬೇಕು. ಆ ಜೋಡಿ ಸಣ್ಣ ಕರುಳಿನ ಉದ್ದಕ್ಕೂ ಸಾಗಿ, ಕಟ್ಟಕಡೆಯ ಭಾಗದಲ್ಲಿ ಮಾತ್ರ ಒಳಕ್ಕೆ ಸೇರುತ್ತದೆ. ವಯಸ್ಸಾದಂತೆ ಆಮ್ಲ ಕಡಿಮೆಯಾಗುತ್ತದೆ. ಅದರ ಮೇಲೆ ನಾವು ‘ಗ್ಯಾಸ್ ಮಾತ್ರೆ’ ಎನ್ನುವ ಪ್ಯಾಂಟೊಪ್ರಜೋಲ್ ಜಾತಿಯ ಗುಳಿಗೆಯನ್ನು ಯಾರ ಚೀಟಿಯೂ ಇಲ್ಲದೆ ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ನುಂಗಿ ಇರುವ ಆಮ್ಲವನ್ನೂ ನಿಲ್ಲಿಸುತ್ತೇವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕರುಳಿನ ಆ ಕೊನೆಯ ಭಾಗದಲ್ಲಿ ಹೀರಿಕೆಯನ್ನು ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ದಯವಿಟ್ಟು ಈ ಮಾತು ಕೇಳಿ ಯಾರೂ ನಿಲ್ಲಿಸಬೇಡಿ. ಆದರೆ ಅದನ್ನು ಬಹುಕಾಲದಿಂದ ತೆಗೆದುಕೊಳ್ಳುವವರು ಆಗಾಗ ಬಿ12 ಪರೀಕ್ಷೆ ಮಾಡಿಸಲೇಬೇಕು. ಸಸ್ಯಾಹಾರ, ಅರವತ್ತು ದಾಟಿದ ವಯಸ್ಸು, ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ, ಈ ನಾಲ್ಕೂ ಒಬ್ಬರಲ್ಲೇ ಸೇರಿದ ಮನೆಗಳು ಈ ಬಡಾವಣೆಯ ಪ್ರತಿ ರಸ್ತೆಯಲ್ಲೂ ಇವೆ.

ಬಿ12ಕ್ಕೆ ದೇಹದಲ್ಲಿ ಎರಡೇ ಕೆಲಸ. ಮೊದಲನೆಯದು ಫೋಲೇಟನ್ನು ಬಂಧನದಿಂದ ಬಿಡಿಸುವುದು. ಬಿ12 ಇಲ್ಲದಿದ್ದರೆ ಫೋಲೇಟ್ ಇದ್ದೂ ಉಪಯೋಗಕ್ಕೆ ಬಾರದ ರೂಪದಲ್ಲಿ ಸಿಕ್ಕಿಬೀಳುತ್ತದೆ, ಡಿಎನ್‌ಎ ಕಟ್ಟುವುದು ನಿಲ್ಲುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣಗಳು ವಿಭಜಿಸಲಾರದೆ ದೊಡ್ಡದಾಗಿ ಉಳಿಯುತ್ತವೆ. ರಕ್ತಹೀನತೆ ಬರುವುದು ಹೀಗೆ. ಎರಡನೆಯದು ಕೆಲವು ಕೊಬ್ಬು ಮತ್ತು ಅಮೈನೋ ಆಮ್ಲಗಳನ್ನು ಒಡೆಯುವಾಗ ಹುಟ್ಟುವ ಒಂದು ಆಮ್ಲವನ್ನು ಮುಂದಕ್ಕೆ ಸಾಗಿಸುವುದು. ಬಿ12 ಕೊರತೆಯಾದಾಗ ನರಗಳಿಗೆ ಹೊದಿಸಿರುವ ಮಯಲಿನ್ ಎಂಬ ಪೊರೆ ಕಳಚತೊಡಗುತ್ತದೆ. ಬೆನ್ನುಹುರಿಯ ಹಿಂಭಾಗ ಮತ್ತು ಪಕ್ಕದ ಎಳೆಗಳಿಗೆ ಏಟು ಬೀಳುತ್ತದೆ.

ಲಕ್ಷಣಗಳನ್ನು ನೀವೇ ಮನೆಯಲ್ಲಿ ಗುರುತಿಸಬಹುದು. ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗುವ ಜೋಮು, ಹತ್ತಿಯ ಮೇಲೆ ನಡೆದ ಅನುಭವ. ಚಪ್ಪಲಿ ಕಾಲಿಂದ ಜಾರಿ ಹೋದರೂ ತಿಳಿಯದಿರುವುದು. ಕರೆಂಟು ಹೋದಾಗ ಗೋಡೆ ಹಿಡಿಯದೆ ನಡೆಯಲಾಗದಿರುವುದು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ವಾಷ್‌ಬೇಸಿನ್ ಮುಂದೆ ತೂರಾಡುವುದು. ಬೆನ್ನುಹುರಿ ಕಾಲಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸದೆ ಹೋದಾಗ ಕಣ್ಣೇ ಆಧಾರ. ಕಣ್ಣು ಮುಚ್ಚಿದರೆ ಅದೂ ಹೋಯಿತು. ನಾಲಗೆ ಕೆಂಪಾಗಿ, ನುಣ್ಣಗಾಗಿ, ಸಾರಿನ ಖಾರ ತಡೆಯದಾಗುವುದು. ಮುಖ ಬಿಳಿಚಿಕೊಳ್ಳುವುದು. ಬೆರಳ ಗೆಣ್ಣುಗಳು ಕಪ್ಪಾಗುವುದು. ಇದನ್ನು 1963ರಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಬಿ12 ಕೊರತೆಯ ಗುರುತು ಎಂದು ದಾಖಲಿಸಿದರು. ಗುಣವಾದಾಗ ಆ ಕಪ್ಪು ಮಾಯವಾಗುತ್ತದೆ. ಮರೆವು, ಸಿಡುಕು, ಕಾರಣವಿಲ್ಲದ ಬೇಸರವೂ ಇದರಿಂದ ಬರಬಹುದು. ಅಜ್ಜನಿಗೆ ಮರೆವಿನ ಕಾಯಿಲೆ ಎಂದು ತೀರ್ಮಾನಿಸುವ ಮೊದಲು ಬಿ12 ನೋಡಿಸಿ.

ಇಲ್ಲಿ ಒಂದು ಮೋಸವಿದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಿದ್ದರೂ ನರಗಳು ಕೆಡುತ್ತಿರಬಹುದು. ಕಬ್ಬಿಣದ ಕೊರತೆ ರಕ್ತಕಣಗಳನ್ನು ಚಿಕ್ಕದಾಗಿಸುತ್ತದೆ, ಬಿ12 ಕೊರತೆ ದೊಡ್ಡದಾಗಿಸುತ್ತದೆ. ನಮ್ಮ ಹೆಂಗಸರಲ್ಲಿ ಎರಡೂ ಸೇರಿರುವುದು ಸಾಮಾನ್ಯ, ಆಗ ಕಣಗಳ ಸರಾಸರಿ ಗಾತ್ರ ಸರಿಯಾಗಿಯೇ ಕಾಣುತ್ತದೆ. ಇನ್ನೂ ದೊಡ್ಡ ಮೋಸ ಫೋಲಿಕ್ ಆಮ್ಲದ್ದು. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ, ಬೆನ್ನುಹುರಿ ಮಾತ್ರ ಒಳಗೊಳಗೇ ಕೆಡುತ್ತಿರುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೈಸೂರಿನ ಒಂದು ಅಧ್ಯಯನವನ್ನು ನೋಡಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಗರ್ಭಿಣಿಯರ ರಕ್ತ ಸಂಗ್ರಹಿಸಿ, ತಾಯಿ-ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 785 ಗರ್ಭಿಣಿಯರ ಪೈಕಿ ನೂರಕ್ಕೆ 43 ಮಂದಿಗೆ ಬಿ12 ಕೊರತೆ ಇತ್ತು. ಫೋಲೇಟ್ ಕೊರತೆ ಇದ್ದದ್ದು ನೂರಕ್ಕೆ ನಾಲ್ವರಿಗೆ. ಬಿ12 ಕಡಿಮೆ ಇದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಿತ್ತು. ಫೋಲೇಟ್ ಕೊರತೆ ಇಷ್ಟು ಕಡಿಮೆ ಇದ್ದದ್ದು ಸರಿಯೇ, ಬಸ್ಸಾರಿನ ನಾಡಿನಲ್ಲಿ ಬೇರೆ ಅಂಕಿ ಬರುವುದು ಹೇಗೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 2006ರಲ್ಲಿ, ತಾಯಿಗೆ ಬಿ12 ಕಡಿಮೆ ಇದ್ದರೆ ಮಗು ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಸಂಭವ ಹೆಚ್ಚು ಎಂದು ತೋರಿಸಿದರು. ಆದರೂ ಗರ್ಭಿಣಿಗೆ ನಾವು ದಿನಾ ಕೊಡುವ ಸರ್ಕಾರಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಿ12 ಇಲ್ಲ. ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ ಇಲ್ಲ. ಕಬ್ಬಿಣವೂ ಫೋಲಿಕ್ ಆಮ್ಲವೂ ಬೇಕು, ಅದರಲ್ಲಿ ಸಂದೇಹವಿಲ್ಲ. ಫೋಲಿಕ್ ಆಮ್ಲ ಮಗುವಿನ ಬೆನ್ನುಹುರಿಯ ಜನ್ಮದೋಷಗಳನ್ನು ತಡೆಯುತ್ತದೆ. ಆದರೆ ನೂರಕ್ಕೆ ನಾಲ್ವರಿಗೆ ಇಲ್ಲದ್ದನ್ನು ಎಲ್ಲರಿಗೂ ಕೊಟ್ಟು, 43 ಮಂದಿಗೆ ಇಲ್ಲದ್ದನ್ನು ಯಾರಿಗೂ ಕೊಡದಿರುವುದನ್ನು ನಾನು ಒಪ್ಪಲಾರೆ. ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟರೆ ತಾಯಿಯ ರಕ್ತದಲ್ಲಿ, ಎದೆಹಾಲಿನಲ್ಲಿ, ಮಗುವಿನಲ್ಲಿ ಮೂರರಲ್ಲೂ ಅದು ಏರುತ್ತದೆ ಎಂದು ಇದೇ ಬೆಂಗಳೂರಿನ ಪ್ರಯೋಗ 2014ರಲ್ಲಿ ಸಾಬೀತು ಮಾಡಿದೆ.

ಎದೆಹಾಲಿನ ಮಾತು ಬಂದದ್ದರಿಂದ ಹೇಳಬೇಕು. 1962ರಲ್ಲಿ ವೆಲ್ಲೂರಿನ ವೈದ್ಯರು ಲ್ಯಾನ್ಸೆಟ್‌ನಲ್ಲಿ ಕೆಲವು ಹಸುಗೂಸುಗಳ ಬಗ್ಗೆ ಬರೆದರು. ಬಿ12 ಕೊರತೆಯಿದ್ದ ತಾಯಂದಿರ ಹಾಲನ್ನೇ ಕುಡಿದು ಬೆಳೆಯುತ್ತಿದ್ದ ಕೂಸುಗಳು. ನಗುತ್ತಿದ್ದ ಮಗು ನಗುವುದನ್ನು ಬಿಡುತ್ತದೆ, ಕತ್ತು ನಿಲ್ಲಿಸುತ್ತಿದ್ದದ್ದು ಜೋಲುತ್ತದೆ, ಮೈ ಕಪ್ಪಾಗುತ್ತದೆ, ಕೈಕಾಲು ತಾನಾಗಿ ಅದುರುತ್ತವೆ. ನೋಡಲು ಮೈಕೈ ತುಂಬಿಕೊಂಡೇ ಇರುವುದರಿಂದ ಅಜ್ಜಿಯಂದಿರಿಗೂ ಅನುಮಾನ ಬರುವುದಿಲ್ಲ. ಆರು ತಿಂಗಳು ದಾಟಿದ ಮಗು ಕಲಿತದ್ದನ್ನು ಮರೆಯುತ್ತಿದ್ದರೆ ದೃಷ್ಟಿ ತೆಗೆದು ಸುಮ್ಮನಿರಬೇಡಿ, ಅಂದೇ ಮಕ್ಕಳ ವೈದ್ಯರ ಬಳಿ ಹೋಗಿ. ಬಿ12 ಕೊಟ್ಟ ಕೆಲವೇ ದಿನಗಳಲ್ಲಿ ಆ ಮಗು ಕಣ್ಣರಳಿಸಿ ನೋಡತೊಡಗುತ್ತದೆ. ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಉಳಿಯಬಹುದು.

ಶಾಲೆಯ ಮಕ್ಕಳಿಗೆ ನಮ್ಮ ರಾಜ್ಯ ಒಳ್ಳೆಯ ಕೆಲಸ ಮಾಡಿದೆ. 2013ರಲ್ಲಿ ಕ್ಷೀರಭಾಗ್ಯ ಬಂತು, 150 ಮಿಲಿಲೀಟರ್ ಹಾಲು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಮೊಟ್ಟೆ ಶುರುವಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ರಾಜ್ಯದಲ್ಲಿ ವಾರಕ್ಕೆ ಆರು ದಿನವಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಬಿ12. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಹಿಂದೆ ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಚಿಕ್ಕಿ ಒಳ್ಳೆಯ ತಿಂಡಿಯೇ, ಆದರೆ ಅದರಲ್ಲೂ ಬಾಳೆಹಣ್ಣಿನಲ್ಲೂ ಬಿ12 ಸೊನ್ನೆ. ಯಾವ ಮಗುವಿಗೆ ಬಿ12 ಹೆಚ್ಚು ಬೇಕೋ ಆ ಮಗುವಿನ ಕೈಗೇ ಅದಿಲ್ಲದ ತಿಂಡಿ ಹೋಗುತ್ತಿದೆ. ಆ ಮಕ್ಕಳಿಗೆ ಇನ್ನೊಂದು ಲೋಟ ಹಾಲನ್ನೋ ಗಟ್ಟಿ ಮೊಸರನ್ನೋ ಕೊಡಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಯಾರ ಆಹಾರಪದ್ಧತಿಯನ್ನೂ ಬದಲಿಸಬೇಕಾಗಿಲ್ಲ.

ಪಡಿತರದ ಸಾರವರ್ಧಿತ ಅಕ್ಕಿಯ ಬಗ್ಗೆಯೂ ಒಂದು ಮಾತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ಆಕಾರಕ್ಕೆ ತಂದು, ನೂರಕ್ಕೆ ಒಂದರಂತೆ ಸಾಧಾರಣ ಅಕ್ಕಿಗೆ ಸೇರಿಸುತ್ತಾರೆ. ಆ ಕಾಳು ಬಣ್ಣದಲ್ಲಿ ತುಸು ಬೇರೆ, ತೊಳೆಯುವಾಗ ತೇಲುವುದೂ ಉಂಟು. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಸುದ್ದಿ ಹಬ್ಬಿ ಎಷ್ಟೋ ಮನೆಗಳಲ್ಲಿ ಅದನ್ನೇ ಆರಿಸಿ ಎಸೆಯುತ್ತಾರೆ. ಒಂದು ಕಿಲೋ ಅಕ್ಕಿಗೆ ಸೇರಿಸುವ ಬಿ12 ಸುಮಾರು ಒಂದು ಮೈಕ್ರೋಗ್ರಾಂ ಮಾತ್ರ, ಅದೊಂದೇ ಸಾಲದು. ಹಾಗಂತ ಎಸೆಯುವ ವಸ್ತುವಲ್ಲ.

ಇನ್ನು ಚಿಕಿತ್ಸೆ. ರಕ್ತದಲ್ಲಿ ಬಿ12 ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. 200ರಿಂದ 300ರ ನಡುವೆ ಇದ್ದು ಜೋಮು ಇದ್ದರೆ ಸುಮ್ಮನೆ ಬಿಡುವಂತಿಲ್ಲ, ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲ ನೋಡಬೇಕಾಗಬಹುದು. ನರದ ಲಕ್ಷಣ ಇದ್ದವರಿಗೆ ಚುಚ್ಚುಮದ್ದಿನಿಂದ ಆರಂಭಿಸುವುದು ಕ್ಷೇಮ. ಉಳಿದ ಹೆಚ್ಚಿನವರಿಗೆ ಮಾತ್ರೆ ಸಾಕು. 1000 ಮೈಕ್ರೋಗ್ರಾಂ ನುಂಗಿದರೆ ವಾಹಕ ಪ್ರೋಟೀನಿನ ಹಂಗಿಲ್ಲದೆ ನೂರಕ್ಕೆ ಒಂದು ಪಾಲು ತಾನಾಗಿ ಒಳಸೇರುತ್ತದೆ, ಅದು ಹತ್ತು ಮೈಕ್ರೋಗ್ರಾಂ, ದಿನದ ಅಗತ್ಯಕ್ಕೆ ನಾಲ್ಕು ಪಟ್ಟು. ಜೋಮು ಕಡಿಮೆಯಾಗಲು ತಿಂಗಳುಗಳೇ ಬೇಕು, ಎರಡು ವಾರಕ್ಕೆ ಕೈಬಿಡಬೇಡಿ. ಆಹಾರ ಬದಲಾಗದಿದ್ದರೆ, ಮೆಟ್‌ಫಾರ್ಮಿನ್ ಮುಂದುವರಿಯುವುದಾದರೆ, ಬಿ12 ಕೂಡ ಮುಂದುವರಿಯಬೇಕು. ಯಕೃತ್ತು ತುಂಬಿಟ್ಟುಕೊಂಡದ್ದು ಕೆಲವು ವರ್ಷ ಬರುತ್ತದೆ, ಆದ್ದರಿಂದಲೇ ನಿಲ್ಲಿಸಿದವರಿಗೆ ಕೊರತೆ ಮರಳಿ ಬಂದದ್ದು ತಡವಾಗಿ ಗೊತ್ತಾಗುತ್ತದೆ.

ಪಕ್ಕದ ಮನೆಯವರಿಗೆ ಕೊಟ್ಟ ಕೆಂಪು ಬಿ12 ಇಂಜೆಕ್ಷನ್ನನ್ನು ನೇರವಾಗಿ ಹೋಗಿ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಅದಾದ ಮೇಲೆ ಪರೀಕ್ಷೆ ಮಾಡಿದರೆ ಅಂಕಿ ಮೇಲೇರಿ ಕೂತಿರುತ್ತದೆ, ಮೊದಲು ಎಷ್ಟಿತ್ತು, ಯಾಕೆ ಕಡಿಮೆಯಾಗಿತ್ತು ಎಂದು ತಿಳಿಯುವ ದಾರಿ ಮುಚ್ಚುತ್ತದೆ. ಮೊದಲು ರಕ್ತ ಕೊಡಿ, ಆಮೇಲೆ ಚುಚ್ಚುಮದ್ದು ತೆಗೆದುಕೊಳ್ಳಿ. ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು, ಗ್ಯಾಸ್ ಮಾತ್ರೆಯದನ್ನೂ ಸೇರಿಸಿ, ವೈದ್ಯರ ಮುಂದೆ ಇಡಿ.